ಕಂಡು ಬರೆದ ಕಾರಂತರು

ಕೋಟ ಶಿವರಾಮ ಕಾರಂತರ ಪುಸ್ತಕಗಳನ್ನು ವಿಂಗಡಿಸಿ ಜೋಡಿಸಹೊರಟ ಗ್ರಂಥಪಾಲಕರಿಗೆ ತೊಡಕು ತಪ್ಪಿದ್ದಲ್ಲ. ಕಾದಂಬರಿ, ನಾಟಕ, ಆತ್ಮಕಥೆ, ಪ್ರವಾಸ ಕಥನ, ಯಕ್ಷಗಾನ ಸಂಶೋಧನೆ, ಮಕ್ಕಳ ವಿಶ್ವಕೋಶ, ಅರ್ಥಕೋಶ, ವಿಜ್ಞಾನ; ಕಪಾಟಿನ ಯಾವ ಅಂಕಣವೂ ಅವರನ್ನು ಬಿಟ್ಟಿಲ್ಲ. ಇವೆಲ್ಲದರ ಬೇರು ಮಾತ್ರ ಒಂದೇ: ತಾನು ಕಂಡು, ಪರೀಕ್ಷಿಸಿ ನೋಡದ ಹೊರತು ಯಾವುದನ್ನೂ ಒಪ್ಪಲಾರೆನೆಂಬ ಹಠ.

ಅವರು ಜನಿಸಿದ್ದು 1902ರ ಅಕ್ಟೋಬರ್ 10ರಂದು, ಉಡುಪಿ ಸಮೀಪದ ಕೋಟದಲ್ಲಿ. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದ ತರುಣ, ಖಾದಿ ಪ್ರಚಾರ, ಸಮಾಜ ಸುಧಾರಣೆ ಎಂದು ಊರೂರು ಅಲೆದರು. ಪದವಿಯಿಲ್ಲದ ಈ ವ್ಯಕ್ತಿಗೆ ಮುಂದೆ ಹಲವು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ನೀಡಿದವು.

ಆ ಅಲೆದಾಟವೇ ಅವರ ನಿಜವಾದ ಶಾಲೆ. 1933ರ 'ಚೋಮನ ದುಡಿ'ಯಲ್ಲಿ ತುಂಡು ಭೂಮಿಯನ್ನು ತಾನೇ ಉಳುವ ಆಸೆ ಹೊತ್ತ ದಲಿತ ಚೋಮ ಬಂದದ್ದು ಗ್ರಂಥಗಳ ಓದಿನಿಂದಲ್ಲ. ಕಡಲತಡಿಯ ಕುಟುಂಬವೊಂದರ ಮೂರು ತಲೆಮಾರುಗಳ ಕಥೆಯಾದ 'ಮರಳಿ ಮಣ್ಣಿಗೆ' ಕಾದಂಬರಿಯನ್ನು ಕರಾವಳಿಯ ಮಳೆ, ಹೊಳೆ, ಗದ್ದೆಗಳಿಂದ ಬೇರ್ಪಡಿಸಲಾಗದು.

ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದ ಕಾರಂತರು, ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು 1930ರ ದಶಕದಲ್ಲೇ ರಚಿಸಿದರು. ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಆನಂತರದ್ದು. ಇಂದು ಸಂಪಾದಕ ಮಂಡಳಿ, ಅನುದಾನಗಳಿಲ್ಲದೆ ಯಾರೂ ಕೈಹಾಕದ ಕೆಲಸಗಳಿವು.

ಆತ್ಮಕಥೆಯ ಹೆಸರೇ 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಸಾಧನೆಗಳ ಪಟ್ಟಿ ಹುಡುಕುವವರಿಗೆ ಅದು ನಿರಾಸೆ ತಂದೀತು. ಮೂಕಿ ಚಿತ್ರ ತಯಾರಿಕೆಯಿಂದ ಮುದ್ರಣಾಲಯದವರೆಗೆ ಹತ್ತಾರು ಸಾಹಸಗಳಿಗೆ ಕೈಹಾಕಿದ ಮನುಷ್ಯ, ತನ್ನನ್ನೇ ದೂರದಲ್ಲಿ ನಿಲ್ಲಿಸಿ ನೋಡಿದ್ದಾರೆ. ಕನ್ನಡದಲ್ಲಿ ಅಷ್ಟು ನಿರ್ಮೋಹದ ಸ್ವಚಿತ್ರಗಳು ವಿರಳ.

ಪಾಂಡಿತ್ಯದಲ್ಲೂ ಇದೇ ಜಾಯಮಾನ. ಯಕ್ಷಗಾನದ ಇತಿಹಾಸ, ವೇಷ, ಕುಣಿತ, ಹಾಡುಗಾರಿಕೆಗಳನ್ನು ಶೋಧಿಸಿ ಬರೆದ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟಕ್ಕೇ ನಿಲ್ಲದೆ ರಂಗಕ್ಕಿಳಿದು, ಮಾತು ತಗ್ಗಿಸಿ, ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ತಂದರು. ಸಂಪ್ರದಾಯಸ್ಥರು ಮುನಿದರು. ಅವರ ಆಕ್ಷೇಪವನ್ನು ಪೂರ್ಣ ತಳ್ಳಿಹಾಕುವಂತಿಲ್ಲ. ರಾತ್ರಿಯಿಡೀ ನಡೆಯುವ ಆಟದ ಸೊಗಸಿನಲ್ಲಿ ಅರ್ಥಗಾರಿಕೆಯ ಪಾಲು ದೊಡ್ಡದು.

ಸಂಶೋಧಕ ಮತ್ತು ಕಾದಂಬರಿಕಾರ ಒಂದಾದದ್ದು 1968ರ 'ಮೂಕಜ್ಜಿಯ ಕನಸುಗಳು' ಕೃತಿಯಲ್ಲಿ. ಹಳೆಯ ವಸ್ತುವನ್ನು ಮುಟ್ಟಿ ಅದರ ಗತಕಾಲವನ್ನು ಕಾಣುವ ಬಾಲವಿಧವೆ ಅಜ್ಜಿಯ ಮೂಲಕ ದೇವರು, ಧರ್ಮ, ಕಾಮಗಳ ಇತಿಹಾಸವನ್ನೇ ಅವರು ಕೆದಕಿದರು. 1977ರ ಜ್ಞಾನಪೀಠ ಈ ಕಾದಂಬರಿಗೆ ಸಂದಿತು.

ಬರೆದಂತೆಯೇ ಬದುಕುವ ಹಠಕ್ಕೆ ಬೆಲೆಯನ್ನೂ ತೆತ್ತರು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 87ರ ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ಪಕ್ಷೇತರರಾಗಿ ನಿಂತು ಸೋತರು. ಕೈಗಾದಲ್ಲಿ ವಾಣಿಜ್ಯ ಉತ್ಪಾದನೆ ಆರಂಭವಾದದ್ದು 2000ದಲ್ಲಿ. ಅದಕ್ಕೂ ಮುನ್ನ, 1997ರ ಡಿಸೆಂಬರ್ 9ರಂದು, ಕಾರಂತರು ಮಣಿಪಾಲದಲ್ಲಿ ಕೊನೆಯುಸಿರೆಳೆದಿದ್ದರು.