ಸಂಕಲ್ಪದ ಸಂತ: ಲೊಯೋಲದ ಇಗ್ನೇಷಿಯಸ್

ಜುಲೈ 31ರಂದು ಧರ್ಮಸಭೆಯು ಲೊಯೋಲದ ಸಂತ ಇಗ್ನೇಷಿಯಸರ ಹಬ್ಬವನ್ನು ಆಚರಿಸುತ್ತದೆ. ಅವರು ಸ್ಥಾಪಿಸಿದ ಯೇಸುಸಭೆಯ ಗುರುಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಆದ್ದರಿಂದ ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಈ ಸಂತರ ಹೆಸರು ಹೊಸದಲ್ಲ. ಯುದ್ಧದಲ್ಲಿ ಕಾಲು ಮುರಿದುಕೊಂಡು ಮನಪರಿವರ್ತನೆ ಹೊಂದಿದ ಯೋಧರೆಂದು ಧರ್ಮೋಪದೇಶದ ತರಗತಿಯ ಮಕ್ಕಳೂ ಬಲ್ಲರು. ಆದರೆ ಪರಿವರ್ತನೆಯೊಂದಿಗೆ ಕಥೆ ಮುಗಿಯಲಿಲ್ಲ. ಕಠಿಣವಾದ ಭಾಗ ಆರಂಭವಾದದ್ದೇ ಅಲ್ಲಿಂದ. ಸಂಕಲ್ಪ ಮಾಡಲು ಒಂದು ರಾತ್ರಿ ಸಾಕು. ಅದನ್ನು ನಡೆಸಿಕೊಂಡು ಹೋಗುವ ವಿದ್ಯೆಯನ್ನು ಕಲಿಯಲು ಅವರಿಗೆ ಹಲವು ವರ್ಷಗಳೇ ಬೇಕಾದವು.

ಸ್ಪೇನ್ ದೇಶದ ಬಾಸ್ಕ್ ಸೀಮೆಯ ಲೊಯೋಲ ಕೋಟೆಮನೆಯಲ್ಲಿ 1491ರಲ್ಲಿ ಜನಿಸಿದ ಇನಿಗೋ ಆ ಮನೆಯ ಕಿರಿಯ ಮಗ. ರಾಜರ ಖಜಾಂಚಿಯ ಆಶ್ರಯದಲ್ಲಿ ಬೆಳೆದು, ಕತ್ತಿವರಸೆ, ಸೊಗಸಾದ ಉಡುಪು, ಕೀರ್ತಿಗಳಲ್ಲಿ ಮೈಮರೆತಿದ್ದ ತರುಣ. 1521ರ ಮೇ 20ರಂದು ಪಂಪ್ಲೋನ ಕೋಟೆಯನ್ನು ಫ್ರೆಂಚರ ವಿರುದ್ಧ ಕಾಯುತ್ತಿದ್ದಾಗ ಫಿರಂಗಿಯ ಗುಂಡು ಬಡಿದು ಅವರ ಬಲಗಾಲು ಮುರಿಯಿತು. ಕೂಡಿಸಿದ ಮೂಳೆ ಉಬ್ಬಿ ಕುರೂಪವಾಗಿ ಕಾಣುತ್ತಿತ್ತು. ಬಿಗಿಯಾದ ಬೂಟು ಧರಿಸಲಾಗದೆಂಬ ಒಂದೇ ಕಾರಣಕ್ಕೆ ಆ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಅರಿವಳಿಕೆ ಇಲ್ಲದ ಕಾಲ ಅದು. ಇಚ್ಛಾಶಕ್ತಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ? ಆದರೆ ಅದು ದುಡಿದದ್ದು ಒಂದು ಜೊತೆ ಬೂಟಿಗಾಗಿ. ಮನುಷ್ಯನ ಕಾರ್ಯಕ್ಕೆ ಬೆಲೆ ಬರುವುದು ಅದರ ಗುರಿಯಿಂದ ಎಂದು ಸಂತ ಥಾಮಸ್ ಅಕ್ವಿನಾಸರನ್ನು ಓದಿದವರು ಬಲ್ಲರು. ಗುರಿ ಕ್ಷುಲ್ಲಕವಾದರೆ ಛಲವೂ ಕ್ಷುಲ್ಲಕವೇ.

ಹಾಸಿಗೆ ಹಿಡಿದ ಆ ತಿಂಗಳುಗಳಲ್ಲಿ ಓದಲು ದೊರೆತವು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆಗಳು ಮಾತ್ರ. ರಾಜಕುಲದ ಹೆಣ್ಣೊಬ್ಬಳ ಕನಸು ಕಂಡಾಗ ಸಂತೋಷವಾಗುತ್ತಿತ್ತು, ಆಮೇಲೆ ಮನಸ್ಸು ಬರಿದಾಗುತ್ತಿತ್ತು. ಸಂತ ಫ್ರಾನ್ಸಿಸ್, ಸಂತ ದೊಮಿನಿಕರಂತೆ ಬಾಳುವ ಯೋಚನೆ ಬಂದಾಗ ಆ ಸಂತೋಷ ಬಹುಕಾಲ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಆತ್ಮವಿದ್ಯೆಯ ಮೊದಲ ಪಾಠ. ಅವರು ಮಾಡಿದ ಸಂಕಲ್ಪವೂ ಯೋಧನಿಗೆ ತಕ್ಕಂಥದ್ದು: ಆ ಸಂತರು ಮಾಡಿದ್ದನ್ನು ತಾನೂ ಮಾಡಬೇಕು, ಸಾಧ್ಯವಾದರೆ ಇನ್ನೂ ಹೆಚ್ಚು.

1522ರ ಮಾರ್ಚ್‌ನಲ್ಲಿ ಮೊಂಟ್ಸೆರಾಟ್ ಬೆಟ್ಟದ ಮಾತೆ ಮರಿಯಮ್ಮನವರ ಪೀಠದ ಬಳಿ ಕತ್ತಿಯನ್ನು ಒಪ್ಪಿಸಿ, ಬೆಲೆಬಾಳುವ ಉಡುಪನ್ನು ಭಿಕ್ಷುಕನಿಗೆ ಕೊಟ್ಟು, ಮನ್ರೇಸ ಪಟ್ಟಣಕ್ಕೆ ನಡೆದರು. ಅಲ್ಲಿ ಉಪವಾಸ, ಜಾಗರಣೆ, ದೇಹದಂಡನೆಗಳಿಗೆ ಮಿತಿಯೇ ಇರಲಿಲ್ಲ. ಹಿಂದೆ ಸೊಗಸಾಗಿ ಬಾಚಿದ್ದ ಕೂದಲನ್ನೂ ಉಗುರನ್ನೂ ಕತ್ತರಿಸದೆ ಬಿಟ್ಟರು. ಫಲವಾಗಿ ಆರೋಗ್ಯ ಕೆಟ್ಟಿತು. ಎಷ್ಟು ಸಲ ಪಾಪನಿವೇದನೆ ಮಾಡಿದರೂ ಇನ್ನೇನೋ ಉಳಿದಿದೆಯೆಂಬ ಸಂಶಯ ಕಾಡಿತು. ಪ್ರಾಣತ್ಯಾಗದ ಶೋಧನೆಯವರೆಗೂ ಹೋಯಿತು. ಪಾಪನಿವೇದನೆಯ ಗುರುಗಳ ಮಾತಿಗೆ ಮಣಿದು ಉಪವಾಸ ಮುರಿದರು. ಕಾಲಕ್ರಮದಲ್ಲಿ ಕೂದಲು, ಉಗುರನ್ನೂ ಕತ್ತರಿಸಿಕೊಂಡರು. ಕಠೋರತೆಯಿಂದ ಭಕ್ತಿಯನ್ನು ಅಳೆಯುವ ಅಭ್ಯಾಸ ಅಲ್ಲಿಗೆ ಕೊನೆಗೊಂಡಿತು.

ಜೆರುಸಲೇಮಿನಲ್ಲಿಯೇ ಬಾಳಿ ಸಾಯಬೇಕೆಂಬ ಮಹದಾಸೆ ಮಾತ್ರ ಉಳಿದಿತ್ತು. 1523ರ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ತಲುಪಿದರು. ಆದರೆ ಪವಿತ್ರ ಸ್ಥಳಗಳ ಹೊಣೆ ಹೊತ್ತಿದ್ದ ಫ್ರಾನ್ಸಿಸ್ಕನ್ ಶ್ರೇಷ್ಠರು ಅವರನ್ನು ಉಳಿಯಗೊಡಲಿಲ್ಲ. ಕೆಲವೇ ವಾರಗಳಲ್ಲಿ ಮರುಪ್ರಯಾಣ. ಇಷ್ಟು ದೊಡ್ಡ ಗುರಿ ಕೈತಪ್ಪಿದಾಗ ಬಹಳ ಮಂದಿ ಮೂಲೆ ಸೇರುತ್ತಾರೆ. ಇಗ್ನೇಷಿಯಸರು ಹಿಂದಿರುಗುವ ದಾರಿಯುದ್ದಕ್ಕೂ ಮುಂದೇನು ಮಾಡಬೇಕೆಂದು ಚಿಂತಿಸಿದರು. ಆತ್ಮಗಳ ಸೇವೆ ಮಾಡಬೇಕಾದರೆ ವಿದ್ಯೆ ಬೇಕು. ವಿದ್ಯೆಗೆ ಲ್ಯಾಟಿನ್ ಬೇಕು.

ಹೀಗೆ 1524ರಲ್ಲಿ, ಮೂವತ್ತಮೂರರ ಪ್ರಾಯದಲ್ಲಿ, ಕುಂಟುಗಾಲಿನ ಆ ಮಾಜಿ ಯೋಧರು ಬಾರ್ಸಿಲೋನದಲ್ಲಿ ಬಾಲಕರ ಪಾಠವನ್ನು ಕಲಿಯಲು ಕುಳಿತರು. ಧಾತುರೂಪಗಳನ್ನು ಬಾಯಿಪಾಠ ಮಾಡಲು ತೊಡಗಿದೊಡನೆ ದಿವ್ಯವಾದ ಧ್ಯಾನಗಳು, ಹೊಸ ಅರಿವುಗಳು ಹರಿದುಬರುತ್ತಿದ್ದವು. ಪಾಠ ಮರೆತೇ ಹೋಗುತ್ತಿತ್ತು. ಬೇರೆ ಯಾರಾದರೂ ಅದನ್ನು ದೇವರ ವರವೆಂದೇ ಸಂಭ್ರಮಿಸುತ್ತಿದ್ದರು. ಇಗ್ನೇಷಿಯಸರು ಯೋಚಿಸಿದರು: ಪ್ರಾರ್ಥನೆಯಲ್ಲಿ, ಬಲಿಪೂಜೆಯಲ್ಲಿ ಬಾರದ ಈ ಬೆಳಕು ವ್ಯಾಕರಣದ ಹೊತ್ತಿಗೇ ಏಕೆ ಬರಬೇಕು? ಇದು ಶೋಧನೆಯೇ ಎಂದು ನಿರ್ಧರಿಸಿ, ಉಪಾಧ್ಯಾಯರಾದ ಆರ್ದೆವೋಲ್ ಅವರನ್ನು ಸಾಂತಾ ಮರಿಯಾ ದೆಲ್ ಮಾರ್ ದೇವಾಲಯಕ್ಕೆ ಕರೆದೊಯ್ದು ಎಲ್ಲವನ್ನೂ ಬಿಚ್ಚಿ ಹೇಳಿದರು. ಬದುಕಲು ರೊಟ್ಟಿ, ನೀರು ದೊರೆಯುವಷ್ಟು ಕಾಲ, ಎರಡು ವರ್ಷ ಒಂದು ಪಾಠವನ್ನೂ ತಪ್ಪಿಸುವುದಿಲ್ಲವೆಂದು ಅವರಿಗೆ ಮಾತು ಕೊಟ್ಟರು. ಆ ಮೇಲೆ ಶೋಧನೆ ಬರಲಿಲ್ಲ. ಒಳ್ಳೆಯದರ ವೇಷ ಧರಿಸಿ ಬರುವ ಅಡ್ಡಿಯನ್ನು ಗುರುತಿಸುವುದು, ಸಂಕಲ್ಪವನ್ನು ಇನ್ನೊಬ್ಬರ ಮುಂದೆ ಆಡಿ ಕಟ್ಟುಬೀಳುವುದು, ಎರಡನ್ನೂ ಒಟ್ಟಿಗೆ ತೋರುವ ಇಂಥ ಪ್ರಸಂಗ ಸಂತರ ಚರಿತ್ರೆಗಳಲ್ಲಿ ನನಗೆ ಬೇರೆ ಕಂಡಿಲ್ಲ.

ಮುಂದೆ ಅಲ್ಕಲಾದಲ್ಲಿ ತರ್ಕ, ಭೌತಶಾಸ್ತ್ರ, ದೇವಶಾಸ್ತ್ರಗಳನ್ನು ಒಟ್ಟಿಗೇ ಓದಲು ಹೋಗಿ ಯಾವುದೂ ಗಟ್ಟಿಯಾಗಲಿಲ್ಲ. ಅಲ್ಲಿಯೂ ಸಲಮಾಂಕದಲ್ಲಿಯೂ ಸಂಶಯಕ್ಕೆ ಗುರಿಯಾಗಿ ಸೆರೆಮನೆ ಕಂಡರು. 1528ರ ಫೆಬ್ರುವರಿಯಲ್ಲಿ ಪ್ಯಾರಿಸ್ ತಲುಪಿದವರು ತಳಪಾಯ ದುರ್ಬಲವೆಂದು ಒಪ್ಪಿಕೊಂಡು, ಮತ್ತೆ ಚಿಕ್ಕ ಹುಡುಗರ ಜೊತೆ ಲ್ಯಾಟಿನ್ ತರಗತಿಗೆ ಸೇರಿದರು. ಈ ಬಾರಿ ಒಂದರ ನಂತರ ಒಂದು. ನಲವತ್ತು ದಾಟಿದ ಮೇಲೆ ಪದವಿ ಪಡೆದರು.

ಮನ್ರೇಸದಿಂದ ಪ್ಯಾರಿಸ್‌ವರೆಗಿನ ಈ ಅನುಭವವೆಲ್ಲ ಅವರ ಆಧ್ಯಾತ್ಮಿಕ ಸಾಧನೆಗಳೆಂಬ ಕಿರುಗ್ರಂಥದಲ್ಲಿ ಹರಳುಗಟ್ಟಿದೆ. 1548ರಲ್ಲಿ ಜಗದ್ಗುರುಗಳ ಮನ್ನಣೆ ಪಡೆದ ಈ ಗ್ರಂಥದಲ್ಲಿ ವಿಶೇಷ ಆತ್ಮಶೋಧನೆಯೆಂಬ ಸರಳ ಕ್ರಮವೊಂದಿದೆ. ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಬೆಳಿಗ್ಗೆ ಎದ್ದೊಡನೆ ಅದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮಧ್ಯಾಹ್ನದ ಊಟದ ಬಳಿಕ ಗಂಟೆ ಗಂಟೆಯ ಲೆಕ್ಕ ನೋಡಿ, ಎಷ್ಟು ಸಲ ಬಿದ್ದೆವೋ ಅಷ್ಟು ಚುಕ್ಕಿಗಳನ್ನು ಒಂದು ಗೆರೆಯ ಮೇಲೆ ಇಡಬೇಕು. ರಾತ್ರಿ ಊಟದ ಬಳಿಕ ಎರಡನೆಯ ಗೆರೆಯ ಮೇಲೆ. ಎರಡು ಗೆರೆಗಳನ್ನೂ, ಇಂದಿನ ದಿನವನ್ನು ನಿನ್ನೆಯ ದಿನದೊಂದಿಗೂ, ಈ ವಾರವನ್ನು ಕಳೆದ ವಾರದೊಂದಿಗೂ ಹೋಲಿಸಬೇಕು. ಬಿದ್ದ ಆ ಕ್ಷಣದಲ್ಲಿ, ನಾಲ್ಕು ಜನರ ನಡುವೆ ಇದ್ದರೂ, ಯಾರಿಗೂ ತಿಳಿಯದಂತೆ ಎದೆಯ ಮೇಲೆ ಕೈಯಿಟ್ಟು ದುಃಖಿಸಬೇಕು. ಅಂಗಡಿಯವನ ಲೆಕ್ಕದ ಪುಸ್ತಕದಂತೆ ಕಾಣುತ್ತದೆ, ನಿಜ. ಧ್ಯಾನಕೂಟ ಮುಗಿದ ರಾತ್ರಿ ಹತ್ತು ಸಂಕಲ್ಪಗಳನ್ನು ಬರೆದಿಟ್ಟು, ಹದಿನೈದು ದಿನದಲ್ಲಿ ಹತ್ತನ್ನೂ ಮರೆಯುವ ನಮಗೆ ಇಂಥ ಲೆಕ್ಕವೇ ಬೇಕಾಗಿದೆ.

ಅದೇ ಗ್ರಂಥದಲ್ಲಿ ಇನ್ನೆರಡು ಎಚ್ಚರಿಕೆಗಳಿವೆ. ಮನಸ್ಸು ಬತ್ತಿ ಕತ್ತಲು ಕವಿದಿರುವಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಉತ್ಸಾಹ ಉಕ್ಕುವಾಗ ಆತುರದಿಂದ ಹರಕೆ ಹೊರಬಾರದು.

1534ರ ಆಗಸ್ಟ್ 15ರಂದು, ಮಾತೆಯ ಸ್ವರ್ಗಸ್ವೀಕಾರದ ಹಬ್ಬದ ದಿನ, ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದ ಪುಟ್ಟ ಗುಡಿಯಲ್ಲಿ ಇಗ್ನೇಷಿಯಸರೂ ಆರು ಮಂದಿ ಸಂಗಾತಿಗಳೂ ವ್ರತ ಕೈಗೊಂಡರು. ಸಂತ ಫ್ರಾನ್ಸಿಸ್ ಕ್ಸೇವಿಯರರೂ ಆ ಏಳರಲ್ಲಿ ಒಬ್ಬರು. ಜೆರುಸಲೇಮಿಗೆ ಹೋಗುವುದು ಅವರ ಗುರಿ. ಆದರೆ ಹಿಂದಿನ ಪೆಟ್ಟು ಕಲಿಸಿದ ಪಾಠ ನೋಡಿ: ವೆನಿಸಿನಲ್ಲಿ ಒಂದು ವರ್ಷ ಕಾದರೂ ಹಡಗು ದೊರೆಯದಿದ್ದರೆ ಜಗದ್ಗುರುಗಳ ಬಳಿಗೆ ಹೋಗಿ, ಅವರು ಕಳುಹಿಸಿದಲ್ಲಿಗೆ ಹೋಗುವುದೆಂದು ಆ ವ್ರತದಲ್ಲಿಯೇ ಸೇರಿಸಿದ್ದರು. ತುರ್ಕರೊಂದಿಗಿನ ಯುದ್ಧದಿಂದ 1537ರಲ್ಲಿ ಯಾತ್ರಿಕರ ಹಡಗು ಹೊರಡಲೇ ಇಲ್ಲ. ಆ ವರ್ಷ ಗುರುದೀಕ್ಷೆ ಪಡೆದ ಇಗ್ನೇಷಿಯಸರು ಮೊದಲ ಬಲಿಪೂಜೆಯನ್ನು ಮುಂದೂಡುತ್ತಲೇ ಬಂದರು. ಅದನ್ನು ಪವಿತ್ರ ನಾಡಿನಲ್ಲಿ ಅರ್ಪಿಸುವ ಆಸೆ ಇದ್ದಿರಬೇಕು. ಕೊನೆಗೆ 1538ರ ಕ್ರಿಸ್ತಜಯಂತಿಯಂದು ರೋಮ್‌ನಲ್ಲಿ, ಬೆತ್ಲೆಹೇಮಿನ ಗೋದಲಿಯ ಪೂಜ್ಯಾವಶೇಷವಿರುವ ಸಾಂತಾ ಮರಿಯಾ ಮಜೋರೆ ಮಹಾದೇವಾಲಯದಲ್ಲಿ ಅರ್ಪಿಸಿದರು. ಜೆರುಸಲೇಮನ್ನು ಅವರು ಮತ್ತೆ ಕಾಣಲಿಲ್ಲ. 1540ರ ಸೆಪ್ಟೆಂಬರ್ 27ರಂದು ಯೇಸುಸಭೆಗೆ ಮನ್ನಣೆ ದೊರೆಯಿತು. 1542ರ ಮೇ ತಿಂಗಳಲ್ಲಿ ಕ್ಸೇವಿಯರರು ಗೋವೆಗೆ ಬಂದಿಳಿದರು.

ದೇಶದೇಶ ಸುತ್ತಿದ ಯಾತ್ರಿಕರಿಗೆ ಉಳಿದ ವರ್ಷಗಳು ರೋಮಿನ ಕಿರಿದಾದ ಕೋಣೆಗಳಲ್ಲಿ, ಕಾಗದಪತ್ರಗಳ ನಡುವೆ ಕಳೆದವು. ಅವರ ಹೆಸರಿನಲ್ಲಿ ಉಳಿದಿರುವ ಪತ್ರಗಳೇ ಏಳು ಸಾವಿರದ ಸಮೀಪ. ಸಾವಿರ ಮಂದಿಯ ಸಭೆಗೆ ಶ್ರೇಷ್ಠರಾದ ಮೇಲೂ ದಿನವನ್ನು ದಿನದೊಂದಿಗೆ ಹೋಲಿಸುವ ಆ ಲೆಕ್ಕವನ್ನು ಅವರು ಬಿಟ್ಟಿರಲಿಲ್ಲವೆಂದು ಜೊತೆಗಿದ್ದವರು ತಿಳಿಸಿದ್ದಾರೆ.

1556ರ ಜುಲೈ 30ರ ಮಧ್ಯಾಹ್ನ ಕಾರ್ಯದರ್ಶಿ ಪೊಲಾಂಕೊ ಗುರುಗಳನ್ನು ಕರೆದು, ತಮ್ಮ ಅಂತ್ಯ ಸಮೀಪಿಸಿದೆ, ಜಗದ್ಗುರುಗಳ ಆಶೀರ್ವಾದವನ್ನು ಕೇಳಿ ತರಬೇಕೆಂದರು. ಸ್ಪೇನಿಗೆ ಅಂದೇ ಕಳುಹಿಸಬೇಕಾದ ಪತ್ರಗಳಿದ್ದವು. ನಾಳೆ ಹೋದರಾಗದೆ ಎಂದು ಪೊಲಾಂಕೊ ಕೇಳಿದರು. ಇಂದೇ ಆದರೆ ಒಳ್ಳೆಯದಿತ್ತು, ಆದರೂ ನಿಮಗೆ ತೋರಿದಂತೆ ಮಾಡಿ ಎಂದು ಇಗ್ನೇಷಿಯಸರು ಹೇಳಿದರು. ಪತ್ರಗಳು ಹೊರಟವು. ಮರುದಿನ ನಸುಕಿನಲ್ಲಿ ಪೊಲಾಂಕೊ ಗುರುಗಳು ಅರಮನೆಗೆ ಧಾವಿಸಿ ಆಶೀರ್ವಾದದೊಂದಿಗೆ ಮರಳುವಷ್ಟರಲ್ಲಿ ಅವರು ಕಣ್ಮುಚ್ಚಿದ್ದರು.