ದಾವೂದ್ ಖಾನ್: ನೆರೆಯ ಮೈತ್ರಿಗೆ ತೆತ್ತ ಬೆಲೆ

ಅಫ್ಘಾನಿಸ್ತಾನದಲ್ಲಿ ಅರಸೊತ್ತಿಗೆಯನ್ನು ಕೊನೆಗಾಣಿಸಿ ಗಣರಾಜ್ಯ ಸ್ಥಾಪಿಸಿದವರು ಸರ್ದಾರ್ ಮೊಹಮ್ಮದ್ ದಾವೂದ್ ಖಾನ್. ಸೋವಿಯತ್ ಒಕ್ಕೂಟಕ್ಕೆ ಕಾಬೂಲಿನ ಬಾಗಿಲು ತೆರೆದವರೂ ಅವರೇ. ಹಾಗೆ ತೆರೆಯಲು ಮುಖ್ಯ ಕಾರಣವಾದದ್ದು ಅಮೆರಿಕವು ಪಾಕಿಸ್ತಾನದೊಡನೆ ಮಾಡಿಕೊಂಡ ಸೇನಾ ಮೈತ್ರಿ.

1909ರಲ್ಲಿ ಕಾಬೂಲಿನ ರಾಜಮನೆತನದಲ್ಲಿ ಜನಿಸಿದ ದಾವೂದ್, ಫ್ರಾನ್ಸಿನಲ್ಲಿ ವ್ಯಾಸಂಗ ಮಾಡಿ ಸೇನೆ ಸೇರಿದರು. ದೊರೆ ಜಹೀರ್ ಷಾ ಅವರ ದಾಯಾದಿಯೂ ಸೋದರಿಯ ಪತಿಯೂ ಆಗಿದ್ದ ಅವರು 1953ರ ಸೆಪ್ಟೆಂಬರಿನಲ್ಲಿ ಪ್ರಧಾನಿಯಾದರು. 1893ರಲ್ಲಿ ಬ್ರಿಟಿಷರ ಕಾಲದಲ್ಲಿ ಗುರುತಿಸಲಾದ ಡ್ಯುರಾಂಡ್ ಗಡಿರೇಖೆ ಪಷ್ತೂನ್ ಜನಾಂಗವನ್ನು ಇಬ್ಭಾಗಿಸಿತ್ತು. ಗಡಿಯಾಚೆಯ ಪಷ್ತೂನರಿಗೆ ಸ್ವನಿರ್ಣಯದ ಹಕ್ಕು ದೊರಕಬೇಕೆಂಬುದು ದಾವೂದರ ಹಠ. ಇದೇ ತಗಾದೆಯಿಂದಾಗಿ 1947ರಲ್ಲಿ ವಿಶ್ವಸಂಸ್ಥೆಗೆ ಪಾಕಿಸ್ತಾನದ ಪ್ರವೇಶವನ್ನು ವಿರೋಧಿಸಿ ಮತ ಹಾಕಿದ ಏಕೈಕ ದೇಶ ಅಫ್ಘಾನಿಸ್ತಾನವಾಗಿತ್ತು.

1954ರ ಮೇ ತಿಂಗಳಿನಲ್ಲಿ ಅಮೆರಿಕ ಪಾಕಿಸ್ತಾನದೊಡನೆ ರಕ್ಷಣಾ ನೆರವಿನ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ವರ್ಷ ಸಿಯಾಟೊ, ಮರುವರ್ಷ ಬಾಗ್ದಾದ್ ಒಪ್ಪಂದ ಕೂಡಿಕೊಂಡವು. ಕಮ್ಯುನಿಸಂ ಹರಡದಂತೆ ತಡೆಯುವುದು ವಾಷಿಂಗ್ಟನ್ನಿನ ಉದ್ದೇಶವಾಗಿತ್ತು. ಕಾಬೂಲಿಗೆ ಕಂಡದ್ದು ಮಾತ್ರ ಎದುರಾಳಿಯ ಕೈ ಸೇರುತ್ತಿದ್ದ ಶಸ್ತ್ರಗಳು. ದಾವೂದ್ ಸರ್ಕಾರ ತನಗೂ ಶಸ್ತ್ರ ಕೊಡುವಂತೆ ಅಮೆರಿಕವನ್ನೇ ಕೋರಿತು. 1954ರ ಡಿಸೆಂಬರಿನಲ್ಲಿ ಆ ಕೋರಿಕೆ ತಿರಸ್ಕೃತವಾಯಿತು. ಮೊದಲು ಪಾಕಿಸ್ತಾನದೊಂದಿಗಿನ ವಿವಾದ ಬಗೆಹರಿಯಲಿ ಎಂಬ ಸಲಹೆ ಬಂತು.

1955ರಲ್ಲಿ ಪಾಕಿಸ್ತಾನ ತನ್ನ ಪಶ್ಚಿಮ ಪ್ರಾಂತಗಳನ್ನೆಲ್ಲ ಒಂದಾಗಿಸಲು ಮುಂದಾದಾಗ ಕಾಬೂಲಿನಲ್ಲಿ ಗುಂಪೊಂದು ಪಾಕ್ ರಾಯಭಾರ ಕಚೇರಿಯ ಮೇಲೆ ದಾಳಿ ನಡೆಸಿತು. ಗಡಿ ತಿಂಗಳುಗಟ್ಟಲೆ ಮುಚ್ಚಿತು. ಕಡಲತೀರವಿಲ್ಲದ ಅಫ್ಘಾನಿಸ್ತಾನಕ್ಕೆ ಕರಾಚಿ ಬಂದರಿನ ದಾರಿ ಕಟ್ಟಿತು. ಉಳಿದದ್ದು ಉತ್ತರದ ದಾರಿ. ಡಿಸೆಂಬರಿನಲ್ಲಿ ಕಾಬೂಲಿಗೆ ಬಂದ ಬುಲ್ಗಾನಿನ್ ಮತ್ತು ಕ್ರುಶ್ಚೇವ್ 10 ಕೋಟಿ ಡಾಲರ್ ಸಾಲ ಘೋಷಿಸಿ, ಪಷ್ತೂನ್ ಬೇಡಿಕೆಗೂ ಬೆಂಬಲವಿತ್ತರು. 1956ರಲ್ಲಿ ಶಸ್ತ್ರ ಒಪ್ಪಂದವಾಯಿತು. ಅಫ್ಘನ್ ಅಧಿಕಾರಿಗಳು ತರಬೇತಿಗಾಗಿ ಸೋವಿಯತ್ ನೆಲಕ್ಕೆ ತೆರಳತೊಡಗಿದರು.

1961ರಲ್ಲಿ ಗಡಿ ಮತ್ತೆ ಮುಚ್ಚಿತು. ಆ ವರ್ಷ ಕೊಳೆಯಲಿದ್ದ ದ್ರಾಕ್ಷಿ ಫಸಲನ್ನು ಸೋವಿಯತ್ ವಿಮಾನಗಳು ಹೊತ್ತೊಯ್ದವು. ಆದರೂ ಆರ್ಥಿಕ ಸಂಕಷ್ಟ ತೀವ್ರವಾಗಿ, 1963ರ ಮಾರ್ಚಿನಲ್ಲಿ ದಾವೂದ್ ರಾಜೀನಾಮೆ ನೀಡಬೇಕಾಯಿತು. ಬಳಿಕವೇ ಗಡಿ ತೆರೆಯಿತು.

ಹತ್ತು ವರ್ಷಗಳ ನಂತರ, 1973ರ ಜುಲೈ 17ರಂದು, ದೊರೆ ಇಟಲಿಯಲ್ಲಿದ್ದಾಗ ದಾವೂದ್ ಅಧಿಕಾರ ಹಿಡಿದು ಅಧ್ಯಕ್ಷರಾದರು. ಅವರಿಗೆ ನೆರವಾದವರಲ್ಲಿ ಸೋವಿಯತ್ ತರಬೇತಿ ಪಡೆದ ಅಧಿಕಾರಿಗಳಿದ್ದರು. ಕ್ರಮೇಣ ಒಂದೇ ಶಕ್ತಿಯ ಅವಲಂಬನೆಯ ಅಪಾಯವನ್ನು ಅರಿತ ದಾವೂದ್ ಇರಾನ್ ಹಾಗೂ ಅರಬ್ ದೇಶಗಳತ್ತ ಕೈಚಾಚಿದರು. 1976ರಲ್ಲಿ ಭುಟ್ಟೊ ಕಾಬೂಲಿಗೆ ಬಂದರು, ದಾವೂದ್ ಪಾಕಿಸ್ತಾನಕ್ಕೆ ಹೋದರು. ಎರಡು ದಶಕಗಳ ಹಗೆ ಸಡಿಲವಾಗತೊಡಗಿತ್ತು.

ಅಷ್ಟರಲ್ಲಿ ಕಾಲ ಮಿಂಚಿತ್ತು. 1978ರ ಏಪ್ರಿಲ್ 27ರಂದು ಎಡಪಂಥೀಯ ಸೇನಾಧಿಕಾರಿಗಳು ಅರಮನೆಗೆ ಮುತ್ತಿಗೆ ಹಾಕಿದರು. ಮುಂಚೂಣಿಯಲ್ಲಿದ್ದ ವತಂಜಾರ್ ಮತ್ತು ಅಬ್ದುಲ್ ಖಾದಿರ್ 1973ರಲ್ಲಿ ದಾವೂದರ ಪರವಾಗಿ ನಿಂತವರೇ. ದಾವೂದ್ ಕುಟುಂಬದ ಅನೇಕರೊಡನೆ ಹತರಾದರು. ಮರುವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಸೇನೆಯೇ ಗಡಿ ದಾಟಿ ಬಂತು.

ಗುರುತಿಲ್ಲದೆ ಹೂತಿದ್ದ ಅವರ ಅವಶೇಷಗಳು 2008ರಲ್ಲಿ ಪತ್ತೆಯಾದವು. 2009ರ ಮಾರ್ಚಿನಲ್ಲಿ ಕಾಬೂಲಿನಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಯಿತು.