ಕಂಚಿಯ ಓದನ್ನು ಅರ್ಧಕ್ಕೆ ಬಿಟ್ಟವನು

ಪರೀಕ್ಷೆಯ ಫಲಿತಾಂಶ ಬಂದೊಡನೆ ನಿಮ್ಮ ಮನೆಯಲ್ಲೂ ಆ ಪ್ರಶ್ನೆ ಏಳುತ್ತದಲ್ಲವೇ? ದೊಡ್ಡ ಹೆಸರಿನ ಕಾಲೇಜಿನಲ್ಲಿ ಸೀಟು ಸಿಗದಿದ್ದರೆ ಮಗನ ಗತಿಯೇನು, ಮಗಳ ಗತಿಯೇನು? ಸಾಲ ಮಾಡಿಯಾದರೂ ಕಳಿಸಬೇಕೇ?

ಶಿಕಾರಿಪುರದಿಂದ ಸೊರಬದತ್ತ ಹೋಗುವಾಗ ಶಿರಾಳಕೊಪ್ಪದ ಬಳಿ ಇಳಿದು ತಾಳಗುಂದಕ್ಕೆ ಹೋಗಿಬನ್ನಿ. ಪ್ರಣವೇಶ್ವರ ಗುಡಿಯ ಮುಂದಿನ ಕಲ್ಲುಕಂಬದಲ್ಲಿ ಇಂಥದೇ ಚಿಂತೆಯಿದ್ದ ಒಂದು ಮನೆಯ ಕಥೆಯಿದೆ.

ನಾಲ್ಕನೆಯ ಶತಮಾನದಲ್ಲಿ ಈ ಊರಿನ ಮಯೂರಶರ್ಮನೆಂಬ ಯುವಕ ಗುರು ವೀರಶರ್ಮನೊಡನೆ ಕಂಚಿಗೆ ಹೊರಟ. ಈ ವೀರಶರ್ಮ ಅವನ ತಾತನೆಂದೂ ಹೇಳುವವರಿದ್ದಾರೆ. ಪಲ್ಲವರ ರಾಜಧಾನಿಯಾದ ಕಂಚಿಯ ಘಟಿಕಾಸ್ಥಾನವೆಂದರೆ ಅಂದಿನ ದಕ್ಷಿಣದಲ್ಲಿ ಬಹು ದೊಡ್ಡ ಹೆಸರು. ಹುಡುಗನೇನೂ ದಡ್ಡನಲ್ಲ; ವೇದಾಧ್ಯಯನವೇ ಮನೆತನದ ಕಸುಬು. ಊರಲ್ಲಿ ಕಲಿತದ್ದು ಸಾಲದೆಂದೇ ಅಷ್ಟು ದೂರ ನಡೆದದ್ದು.

ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು. ಅವಮಾನ ತಡೆಯಲಾರದೆ ಮಯೂರ ಓದು ಬಿಟ್ಟ, ಕತ್ತಿ ಹಿಡಿದ. ಪಲ್ಲವರ ಗಡಿ ಕಾವಲಿನವರನ್ನು ಸೋಲಿಸಿ ಶ್ರೀಶೈಲದ ಕಡೆಯ ಕಾಡು ಸೇರಿದ. ಬೃಹದ್ಬಾಣರಿಂದ ಕಪ್ಪ ವಸೂಲಿ ಮಾಡಿದ. ಅವನನ್ನು ಅಡಗಿಸಲಾಗದ ಪಲ್ಲವರು ಕೊನೆಗೆ ಅವನ ಆಳ್ವಿಕೆಯನ್ನು ಒಪ್ಪಿಕೊಂಡರು. ಸುಮಾರು 345ರ ಹೊತ್ತಿಗೆ, ಸೊರಬದ ನೆರೆಯ ಬನವಾಸಿಯಲ್ಲಿ ಕದಂಬ ರಾಜ್ಯ ನಿಂತಿತು. 1975ರ ‘ಮಯೂರ’ ಚಿತ್ರದಲ್ಲಿ ರಾಜಕುಮಾರ್ ಅವರನ್ನು ನೋಡಿದ ಹಿರಿಯರಿಗೆ ಇದು ಗೊತ್ತೇ ಇದೆ.

ಹಾಗಾದರೆ ಪದವಿಯೇ ಬೇಡವೆನ್ನೋಣವೇ? ನಿಮ್ಮ ಮಗ ನಾಳೆ ಪುಸ್ತಕ ಮುಚ್ಚಿ ಮಯೂರನ ಹೆಸರು ಹೇಳಿದರೆ ಒಪ್ಪಬೇಡಿ. ಕಂಚಿಯ ಓದನ್ನು ಬಿಟ್ಟವರಲ್ಲಿ ಗೆದ್ದವನ ಕಥೆಯನ್ನು ಮಾತ್ರ ಕಲ್ಲಿನಲ್ಲಿ ಕೆತ್ತುತ್ತಾರೆ. ಕಾಡಿನಲ್ಲೇ ಕಳೆದುಹೋದವರಿಗೆ ಕಂಬವಿಲ್ಲ. ಅದೂ ಅಲ್ಲದೆ ಈ ಕಥೆ ಬರೆಸಿದ್ದು ಅವನ ವಂಶದವರೇ, ಸುಮಾರು ನೂರು ವರ್ಷದ ನಂತರ. ಮನೆಯವರು ಹೇಳುವ ಹೊಗಳಿಕೆಗೆ ಸ್ವಲ್ಪ ರಿಯಾಯಿತಿ ಕೊಟ್ಟೇ ಕೇಳಬೇಕು.

ಇನ್ನೊಂದನ್ನು ಗಮನಿಸಿ. ಓದು ಬಿಟ್ಟವನ ಮನೆತನ ಓದಿದವರನ್ನು ಬಿಡಲಿಲ್ಲ. ಮಗ ಕಂಗವರ್ಮನ ಕಾಲಕ್ಕೆ ಹೆಸರಿನ ‘ಶರ್ಮ’ ಹೋಗಿ ‘ವರ್ಮ’ ಬಂತು, ನಿಜ. ಆದರೆ ಕಾಕುಸ್ಥವರ್ಮ ತೋಡಿಸಿದ ಕೆರೆಯ ನೆನಪಿಗೆ ಶಾಂತಿವರ್ಮ ಶಾಸನ ಹಾಕಿಸುವಾಗ ಬೇಕಾದದ್ದು ಸಂಸ್ಕೃತ ಬಲ್ಲ ಪಂಡಿತ. ಕುಬ್ಜನೆಂಬ ಕವಿ ಅದನ್ನು ರಚಿಸಿದ, ತಾನೇ ಕಲ್ಲಿನ ಮೇಲೆ ಬರೆದ. ಕಂಚಿಯ ಆ ಜಗಳ ನಮಗೆ ತಿಳಿದದ್ದು ಅವನಿಂದಲೇ.